ಪ್ರಾತಿನಿಧ್ಯ ಎಂಬ ಸೇವೆ: ಬ್ರಿಟನ್ನಿನ ಲೇಬರ್ ಪಕ್ಷದ ವಿಮರ್ಶೆ

ರಾಜಕೀಯ ಪಕ್ಷವೊಂದನ್ನು ಸೇವೆ ಒದಗಿಸುವ ಸಂಸ್ಥೆಯಂತೆ ಪರೀಕ್ಷಿಸುವುದು ಕೆಲವರಿಗೆ ಲಘುವಾಗಿ ಕಾಣಬಹುದು. ಆದರೆ ಬ್ರಿಟನ್ನಿನ ಲೇಬರ್ ಪಕ್ಷದ ಮಟ್ಟಿಗೆ ಇದಕ್ಕಿಂತ ನ್ಯಾಯವಾದ ಅಳತೆಗೋಲು ಇನ್ನೊಂದಿಲ್ಲ, ಏಕೆಂದರೆ ಅದು ಹುಟ್ಟಿದ್ದೇ ಒಂದು ಸೇವೆಯಾಗಿ. 1900ರ ಫೆಬ್ರವರಿ 27ರಂದು ಲಂಡನ್ನಿನ ಫ್ಯಾರಿಂಗ್ಡನ್ ಬೀದಿಯ ಮೆಮೋರಿಯಲ್ ಹಾಲ್‌ನಲ್ಲಿ ಕಾರ್ಮಿಕ ಸಂಘಗಳ ಮತ್ತು ಸಮಾಜವಾದಿ ಸಂಘಟನೆಗಳ ಪ್ರತಿನಿಧಿಗಳು ಸೇರಿ ಕಟ್ಟಿದ ಸಂಸ್ಥೆಯ ಹೆಸರು ‘ಲೇಬರ್ ರೆಪ್ರೆಸೆಂಟೇಷನ್ ಕಮಿಟಿ’. ಆ ಹೆಸರಿನಲ್ಲಿ ಪಕ್ಷ ಎಂಬ ಮಾತೂ ಇರಲಿಲ್ಲ, ಸಮಾಜವಾದ ಎಂಬ ಮಾತೂ ಇರಲಿಲ್ಲ. ದುಡಿಯುವವರ ಪರವಾಗಿ ಸಂಸತ್ತಿನಲ್ಲಿ ಮಾತನಾಡಲು ಜನ ಬೇಕು, ಆ ಜನರನ್ನು ಒದಗಿಸುತ್ತೇವೆ ಎಂಬುದಷ್ಟೇ ಅದರ ಕರಾರು.

ಗಿರಾಕಿಗಳಿಗೆ ಈ ಸೇವೆಯ ಬೆಲೆ ಅರ್ಥವಾಗಲು ಹೆಚ್ಚು ದಿನ ಬೇಕಾಗಲಿಲ್ಲ. ದಕ್ಷಿಣ ವೇಲ್ಸ್‌ನ ಟ್ಯಾಫ್ ವೇಲ್ ರೈಲ್ವೆ ಕಂಪನಿ ತನ್ನ ನೌಕರರ ಮುಷ್ಕರದಿಂದಾದ ನಷ್ಟಕ್ಕೆ ಅವರ ಸಂಘವನ್ನೇ ಹೊಣೆ ಮಾಡಿ ನ್ಯಾಯಾಲಯಕ್ಕೆ ಹೋಯಿತು. ಸಂಘದ ಮೇಲೆ ಹೀಗೆ ದಾವೆ ಹೂಡಬಹುದೆಂದು 1901ರಲ್ಲಿ, ಆಗ ದೇಶದ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ಕೊನೆಗೆ ಸಂಘ 23,000 ಪೌಂಡ್ ಪರಿಹಾರ ತೆರಬೇಕಾಯಿತು. ಮುಷ್ಕರ ಹೂಡಿದರೆ ಸಂಘದ ಗಲ್ಲಾಪೆಟ್ಟಿಗೆಯೇ ಖಾಲಿಯಾಗುವ ಸ್ಥಿತಿ ಬಂದಾಗ, ಅಲ್ಲಿಯವರೆಗೆ ದೂರ ನಿಂತಿದ್ದ ಸಂಘಗಳೂ ಸಮಿತಿಯ ಬಾಗಿಲಿಗೆ ಬಂದವು. 1906ರ ಚುನಾವಣೆಯಲ್ಲಿ 29 ಮಂದಿ ಗೆದ್ದರು, ಸಮಿತಿ ಲೇಬರ್ ಪಕ್ಷ ಎಂದು ಹೆಸರು ಬದಲಿಸಿಕೊಂಡಿತು, ಮತ್ತು ಅದೇ ವರ್ಷ ಟ್ಯಾಫ್ ವೇಲ್ ತೀರ್ಪನ್ನು ನಿಷ್ಪ್ರಯೋಜಕಗೊಳಿಸುವ ಕಾಯಿದೆ ಸಂಸತ್ತಿನಲ್ಲಿ ಅಂಗೀಕಾರವಾಯಿತು. ಹಣ ಕೊಟ್ಟವರಿಗೆ ಅದೇ ವರ್ಷ ಕೆಲಸ ಆಯಿತು. ಮುಂದಿನ ನೂರಿಪ್ಪತ್ತು ವರ್ಷಗಳ ಸೇವೆಯನ್ನು ಈ ಮೊದಲ ವ್ಯವಹಾರದ ಪಕ್ಕದಲ್ಲಿಟ್ಟು ನೋಡುವುದೇ ನನ್ನ ಉದ್ದೇಶ.

ಲೇಬರ್ ಪಕ್ಷದ ಬಗ್ಗೆ ಎಲ್ಲರೂ ಮೊದಲು ಹೇಳುವ ದೂರು ಅದರ ಒಳಜಗಳ. ಮನೆಯೊಂದು ಮೂರು ಬಾಗಿಲಾದ್ದರಿಂದಲೇ ಕಟ್ಟಾ ಮತದಾರರು ಕೈಬಿಟ್ಟರೆಂಬ ವಿವರಣೆ ಸುಲಭವಾಗಿ ಸಿಗುತ್ತದೆ. ದಾಖಲೆಗಳನ್ನು ನೋಡಿದರೆ ಅದು ಅರ್ಧ ಸತ್ಯವೆನಿಸುತ್ತದೆ. ಪಕ್ಷದ ಅತ್ಯಂತ ಪ್ರಸಿದ್ಧ ಜಗಳಗಳಲ್ಲೊಂದು 1951ರದು. ಮೂರು ವರ್ಷಗಳ ಹಿಂದೆ, 1948ರ ಜುಲೈ 5ರಂದು, ಆರೋಗ್ಯ ಸಚಿವ ಅನೈರಿನ್ ಬೆವನ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಗಿತ್ತು. ಹದಿಮೂರನೆಯ ವಯಸ್ಸಿಗೇ ವೇಲ್ಸ್‌ನ ಕಲ್ಲಿದ್ದಲು ಗಣಿಗೆ ಇಳಿದಿದ್ದ ಬೆವನ್ ಅವರಿಗೆ, ಚಿಕಿತ್ಸೆಗೆ ಹಣ ಕೇಳಬಾರದೆಂಬುದು ಪುಸ್ತಕದಿಂದ ಬಂದ ಸಿದ್ಧಾಂತವಾಗಿರಲಿಲ್ಲ. ಕೊರಿಯಾ ಯುದ್ಧದ ಕಾಲದಲ್ಲಿ ರಕ್ಷಣಾ ವೆಚ್ಚ ಏರಿದಾಗ ಹಣಕಾಸು ಸಚಿವ ಹ್ಯೂ ಗೇಟ್‌ಸ್ಕೆಲ್ ಕನ್ನಡಕಕ್ಕೂ ಕಟ್ಟಿಸಿಕೊಳ್ಳುವ ಹಲ್ಲಿಗೂ ಅರ್ಧ ಖರ್ಚನ್ನು ರೋಗಿಯೇ ಕೊಡಬೇಕೆಂದರು. ಬೆವನ್ ರಾಜೀನಾಮೆ ಇತ್ತರು. ಮುಂದೆ ಪ್ರಧಾನಿಯಾಗಲಿದ್ದ ಹೆರಾಲ್ಡ್ ವಿಲ್ಸನ್ ಕೂಡ ಜೊತೆಗೆ ಹೊರನಡೆದರು. ಪಕ್ಷ ಎರಡು ಬಣವಾಯಿತು, ಅದೇ ಅಕ್ಟೋಬರಿನಲ್ಲಿ ಅಧಿಕಾರವೂ ಹೋಯಿತು.

ಆದರೆ ಮತದಾರರು ಹೋಗಿರಲಿಲ್ಲ. ಸೋತ ಆ ಚುನಾವಣೆಯಲ್ಲಿ ಲೇಬರ್‌ಗೆ ಬಿದ್ದ ಮತಗಳು ಶೇಕಡಾ 48.8, ಗೆದ್ದ ಕನ್ಸರ್ವೇಟಿವ್ ಪಕ್ಷಕ್ಕಿಂತ ಎರಡು ಲಕ್ಷಕ್ಕೂ ಹೆಚ್ಚು. ಕ್ಷೇತ್ರವಾರು ಲೆಕ್ಕ ಕೈಕೊಟ್ಟಿತಷ್ಟೇ. ಅಂದರೆ, ಸಚಿವರು ಬಹಿರಂಗವಾಗಿ ಬಡಿದಾಡಿಕೊಂಡದ್ದನ್ನು ಕಂಡೂ ಗಣಿ ಮತ್ತು ಗಿರಣಿ ಊರುಗಳ ಜನ ಪಕ್ಷವನ್ನು ಬಿಡಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ: ಆ ಜಗಳ ಅವರ ಬಾಯೊಳಗಿನ ಹಲ್ಲಿನ ಬಗ್ಗೆಯೇ ಇತ್ತು. ಯಾರು ಸರಿ ಯಾರು ತಪ್ಪು ಎಂದು ಚಹಾ ಕುಡಿಯುತ್ತಾ ಅವರೂ ವಾದಿಸಬಹುದಿತ್ತು.

ಮೂವತ್ತು ವರ್ಷಗಳ ನಂತರದ ಜಗಳ ಹಾಗಿರಲಿಲ್ಲ. 1981ರ ಜನವರಿಯಲ್ಲಿ ವೆಂಬ್ಲಿಯಲ್ಲಿ ಪಕ್ಷ ವಿಶೇಷ ಅಧಿವೇಶನ ಕರೆದದ್ದು, ನಾಯಕನನ್ನು ಆರಿಸುವಾಗ ಯಾರ ಮತಕ್ಕೆ ಎಷ್ಟು ತೂಕ ಎಂಬುದನ್ನು ತೀರ್ಮಾನಿಸಲು. ಸಂಘಗಳಿಗೆ ಶೇಕಡಾ 40, ಸಂಸದರಿಗೆ 30, ಸ್ಥಳೀಯ ಶಾಖೆಗಳಿಗೆ 30 ಎಂದು ಪಾಲಾಯಿತು. ಮರುದಿನವೇ ಇದನ್ನೊಪ್ಪದ ಪಕ್ಷದ ಬಲಬಣದ ಹಿರಿಯರಾದ ರಾಯ್ ಜೆಂಕಿನ್ಸ್, ಡೇವಿಡ್ ಓವನ್, ಶರ್ಲಿ ವಿಲಿಯಮ್ಸ್ ಮತ್ತು ಬಿಲ್ ರಾಡ್ಜರ್ಸ್ ಲೈಮ್‌ಹೌಸ್‌ನಿಂದ ಹೇಳಿಕೆ ಹೊರಡಿಸಿದರು. ಎರಡು ತಿಂಗಳಲ್ಲಿ ಅವರ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಹುಟ್ಟಿತು. ಉಳಿದವರು ಆ ವರ್ಷದ ಬಹುಭಾಗವನ್ನು ಉಪನಾಯಕನ ಹುದ್ದೆಗಾಗಿ ಬಲಬಣದ ಡೆನಿಸ್ ಹೀಲಿ ಮತ್ತು ಎಡಬಣದ ಟೋನಿ ಬೆನ್ ನಡುವೆ ನಡೆದ ಸ್ಪರ್ಧೆಯಲ್ಲಿ ಕಳೆದರು, ಹೀಲಿ ಶೇಕಡಾ ಒಂದಕ್ಕಿಂತಲೂ ಕಡಿಮೆ ಅಂತರದಲ್ಲಿ ಗೆದ್ದರು. ಅದೇ ಹೊತ್ತಿನಲ್ಲಿ ದೇಶದಲ್ಲಿ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷದತ್ತ ಏರುತ್ತಿತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗುವುದೆಂದರೆ ಇದೇ. 1983ರಲ್ಲಿ ಲೇಬರ್‌ಗೆ ಸಿಕ್ಕಿದ್ದು ಶೇಕಡಾ 27.6 ಮತ, 209 ಸ್ಥಾನ.

ಆಗಿನ ನಾಯಕ ಮೈಕೆಲ್ ಫುಟ್ 1981ರ ಯುದ್ಧ ಸ್ಮಾರಕ ದಿನದಂದು ತೊಟ್ಟಿದ್ದ ಗಿಡ್ಡ ಹಸಿರು ಕೋಟು ಈಗ ಮ್ಯಾಂಚೆಸ್ಟರಿನ ಪೀಪಲ್ಸ್ ಹಿಸ್ಟರಿ ಮ್ಯೂಸಿಯಂನಲ್ಲಿದೆ. ಕೂಲಿಯಾಳು ತೊಡುವ ಜಾಕೆಟ್ಟು ಹಾಕಿಕೊಂಡು ಬಂದಿದ್ದಾರೆಂದು ಪತ್ರಿಕೆಗಳು ಅವರನ್ನು ಗೇಲಿ ಮಾಡಿದವು. ಕೂಲಿಯಾಳುಗಳ ಪಕ್ಷದ ನಾಯಕನಿಗೆ ಆ ಮಾತು ಬೈಗುಳವಾಗಿ ತಟ್ಟಿತೆಂಬುದೇ ನನಗೆ ಕೋಟಿಗಿಂತ ಕುತೂಹಲದ ವಸ್ತುವಾಗಿ ಕಾಣುತ್ತದೆ.

ಟೋನಿ ಬ್ಲೇರ್ ಕಾಲದ ಸೇವೆಯನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಎಡಬಣದ ರೂಢಿ, ಆದರೆ ಅದು ಪ್ರಾಮಾಣಿಕ ಲೆಕ್ಕವಲ್ಲ. 1999ರ ಏಪ್ರಿಲ್ 1ರಂದು ಗಂಟೆಗೆ 3.60 ಪೌಂಡ್ ರಾಷ್ಟ್ರೀಯ ಕನಿಷ್ಠ ವೇತನ ಜಾರಿಗೆ ಬಂದಾಗ, ಹೋಟೆಲುಗಳ ಅಡುಗೆಮನೆಯಲ್ಲಿ ಮತ್ತು ವೃದ್ಧಾಶ್ರಮಗಳಲ್ಲಿ ದುಡಿಯುತ್ತಿದ್ದವರಿಗೆ, ಅದರಲ್ಲೂ ಹೆಂಗಸರಿಗೆ, ಸಂಬಳದ ಚೀಟಿಯಲ್ಲೇ ಕಾಣುವ ಲಾಭವಾಯಿತು. 1906ರ ಕಾಯಿದೆಯ ಪಕ್ಕದಲ್ಲಿ ಇಡಬಹುದಾದ ಕೆಲಸ ಅದು. ಆದರೂ ಸೋರಿಕೆ ಶುರುವಾದದ್ದು ಆಗಲೇ. 1997ರಲ್ಲಿ 1 ಕೋಟಿ 35 ಲಕ್ಷವಿದ್ದ ಮತಗಳು 2001ರಲ್ಲಿ 1 ಕೋಟಿ 7 ಲಕ್ಷಕ್ಕೆ ಇಳಿದವು. ಒಟ್ಟು ಮತದಾನವೇ ಶೇಕಡಾ 59.4ಕ್ಕೆ ಕುಸಿಯಿತು, 1918ರ ನಂತರದ ಅತಿ ಕಡಿಮೆ. ಸ್ಥಾನಗಳು ಮಾತ್ರ 400ಕ್ಕಿಂತ ಮೇಲೆಯೇ ಇದ್ದುದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಗಣಿ ಮತ್ತು ಗಿರಣಿ ಊರುಗಳ ಜನ ಬೇರೆಲ್ಲಿಗೆ ಹೋದಾರು ಎಂಬ ನೆಮ್ಮದಿಯಲ್ಲಿ, ಗೆಲುವು ಸೋಲು ನಿರ್ಧರಿಸುವ ಅತಂತ್ರ ಕ್ಷೇತ್ರಗಳ ಮೇಲೇ ಪಕ್ಷ ಕಣ್ಣಿಟ್ಟಿತು. ಏಕೈಕ ಅಂಗಡಿಯಿರುವ ಬೀದಿಯಲ್ಲಿ ಹಳೆಯ ಗಿರಾಕಿಗೆ ಸಿಗುವ ಮರ್ಯಾದೆ ಅವರಿಗೆ ಸಿಕ್ಕಿತು.

ಈ ದೂರವನ್ನು ಕಣ್ಣಾರೆ ಕಾಣಬೇಕೆಂದರೆ ಡರ್ಹಂ ನಗರದ ಗಣಿ ಕಾರ್ಮಿಕರ ಜಾತ್ರೆಯನ್ನು ನೋಡಬೇಕು. 1871ರಿಂದ ನಡೆದುಬಂದಿರುವ ಈ ಕೂಟ ಪ್ರತಿ ಜುಲೈ ತಿಂಗಳ ಎರಡನೆಯ ಶನಿವಾರ ಸೇರುತ್ತದೆ. ಒಂದೊಂದು ಗಣಿಯ ಸಂಘವೂ ತನ್ನ ದೊಡ್ಡ ಬಣ್ಣದ ಪತಾಕೆಯನ್ನು ಎರಡು ಕಂಬಗಳಿಗೆ ಕಟ್ಟಿ, ಹಿತ್ತಾಳೆ ವಾದ್ಯಗಳ ತಂಡದೊಡನೆ ನಗರದೊಳಗೆ ಹೊತ್ತು ತರುತ್ತದೆ. ಆ ವರ್ಷ ಗಣಿಯಲ್ಲಿ ಸಾವಾಗಿದ್ದರೆ ಪತಾಕೆಗೆ ಕಪ್ಪು ಬಟ್ಟೆ ಹೊದಿಸುವ ಪದ್ಧತಿಯಿತ್ತು. ಮೆರವಣಿಗೆ ರಾಯಲ್ ಕೌಂಟಿ ಹೋಟೆಲಿನ ಮುಂದೆ ನಿಲ್ಲುತ್ತದೆ, ಮೇಲಿನ ಬಾಲ್ಕನಿಯಲ್ಲಿ ನಿಂತ ನಾಯಕರಿಗಾಗಿ ವಾದ್ಯದವರು ನುಡಿಸುತ್ತಾರೆ. ಡರ್ಹಂನ ಕೊನೆಯ ಗಣಿ ಮುಚ್ಚಿದ್ದು 1993ರಲ್ಲಿ. ಪತಾಕೆಗಳು ಈಗಲೂ ಬರುತ್ತವೆ. ಆದರೆ 1989ರಲ್ಲಿ ನೀಲ್ ಕಿನಕ್ ಭಾಷಣ ಮಾಡಿದ ನಂತರ 2012ರಲ್ಲಿ ಎಡ್ ಮಿಲಿಬ್ಯಾಂಡ್ ಬರುವವರೆಗೆ, 23 ವರ್ಷ, ಪಕ್ಷದ ಯಾವ ನಾಯಕನೂ ಅಲ್ಲಿ ಮಾತನಾಡಲಿಲ್ಲ. ಬ್ಲೇರ್ ಪ್ರತಿನಿಧಿಸುತ್ತಿದ್ದ ಸೆಡ್ಜ್‌ಫೀಲ್ಡ್ ಕ್ಷೇತ್ರ ಅದೇ ಕೌಂಟಿಯಲ್ಲಿತ್ತು.

ಸ್ಕಾಟ್ಲೆಂಡಿನ ಗಿರಾಕಿಗಳು ಮೊದಲು ಎದ್ದು ಹೋದರು. ಅಲ್ಲಿ 2010ರಲ್ಲಿ ಇದ್ದ 41 ಸ್ಥಾನಗಳು 2015ರಲ್ಲಿ ಒಂದಕ್ಕೆ ಇಳಿದವು. ಅದರಿಂದ ಪಕ್ಷ ಕಲಿತ ಪಾಠ ಏನೆಂದರೆ, ಮತ್ತೊಮ್ಮೆ ನಾಯಕನ ಚುನಾವಣೆ. ಈ ಬಾರಿ 3 ಪೌಂಡ್ ಕೊಟ್ಟ ಯಾರು ಬೇಕಾದರೂ ಬೆಂಬಲಿಗರಾಗಿ ನೋಂದಾಯಿಸಿಕೊಂಡು ಮತ ಹಾಕಬಹುದಿತ್ತು. ಎಡಬಣದ ಜೆರೆಮಿ ಕಾರ್ಬಿನ್ ಶೇಕಡಾ 59.5 ಮತ ಪಡೆದು ಗೆದ್ದರು. ಮರುವರ್ಷ ಅವರದೇ ಸಂಸದರು 172ಕ್ಕೆ 40ರಂತೆ ಅವಿಶ್ವಾಸ ಸೂಚಿಸಿದರು, ಬೆಂಬಲಿಗರ ಶುಲ್ಕವನ್ನು 25 ಪೌಂಡಿಗೆ ಏರಿಸಲಾಯಿತು, ಕಾರ್ಬಿನ್ ಇನ್ನೂ ಹೆಚ್ಚಿನ ಬಹುಮತದಿಂದ ಮತ್ತೆ ಆಯ್ಕೆಯಾದರು. 2017ರಲ್ಲಿ ಶೇಕಡಾ 40 ಮತ ಬಂದದ್ದನ್ನು ಅವರ ವಿರೋಧಿಗಳು ಮರೆಯುತ್ತಾರೆ. 2019ರಲ್ಲಿ 202 ಸ್ಥಾನಕ್ಕೆ ಕುಸಿದದ್ದನ್ನು ಅವರ ಅಭಿಮಾನಿಗಳು ಮರೆಯುತ್ತಾರೆ. 1922ರಿಂದ ಕೈತಪ್ಪದ ಲೀ ಕ್ಷೇತ್ರ, ಹಳೆಯ ಗಣಿ ಕಾರ್ಮಿಕ ಡೆನಿಸ್ ಸ್ಕಿನ್ನರ್ 49 ವರ್ಷ ಪ್ರತಿನಿಧಿಸಿದ್ದ ಬೊಲ್ಸೋವರ್, ಜೊತೆಗೆ ಸೆಡ್ಜ್‌ಫೀಲ್ಡ್, ಎಲ್ಲವೂ ಒಂದೇ ರಾತ್ರಿ ಕನ್ಸರ್ವೇಟಿವ್ ಪಾಲಾದವು. ನಾಯಕನೇ ಕಾರಣವೆಂದು ಒಂದು ಬಣ, ಐರೋಪ್ಯ ಒಕ್ಕೂಟ ಬಿಡಲು ಮತ ಹಾಕಿದ್ದ ಊರುಗಳ ಮುಂದೆ ಎರಡನೆಯ ಜನಮತಗಣನೆಯ ಮಾತೆತ್ತಿದ್ದೇ ಕಾರಣವೆಂದು ಇನ್ನೊಂದು ಬಣ ಇಂದಿಗೂ ವಾದಿಸುತ್ತವೆ. ಎರಡೂ ಕಾರಣಗಳಿದ್ದವೆಂದು ಒಪ್ಪಲು ಎರಡೂ ಬಣಗಳಿಗೆ ಮನಸ್ಸಿಲ್ಲ, ಏಕೆಂದರೆ ಆ ವಾದದ ಹಿಂದಿರುವುದು ಮತದಾರ ಯಾಕೆ ಹೋದನೆಂಬ ಪ್ರಶ್ನೆಯಲ್ಲ, ಅಂಗಡಿಯ ಬೀಗದ ಕೈ ಯಾರ ಬಳಿ ಇರಬೇಕೆಂಬುದು.

ಬೀಗದ ಕೈ ಕೀರ್ ಸ್ಟಾರ್ಮರ್ ಅವರಿಗೆ ಸಿಕ್ಕಿತು. 2024ರ ಜುಲೈನಲ್ಲಿ 411 ಸ್ಥಾನಗಳ ಭಾರಿ ಗೆಲುವು ಬಂದಾಗ ಮತ ಪ್ರಮಾಣ ಶೇಕಡಾ 33.7 ಮಾತ್ರ, ಒಟ್ಟು ಮತಗಳು 97 ಲಕ್ಷ, ಅಂದರೆ ಹೀನಾಯವಾಗಿ ಸೋತ 2019ಕ್ಕಿಂತಲೂ ಕಡಿಮೆ. ಬಂದವರಿಗೆ ಮೊದಲ ತಿಂಗಳಲ್ಲೇ ಸಿಕ್ಕ ಉಪಚಾರ ಇದು: ನಿವೃತ್ತರಿಗೆ ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಸಿಗುತ್ತಿದ್ದ 200ರಿಂದ 300 ಪೌಂಡ್ ನೆರವನ್ನು, ಕಡು ಬಡತನದ ಭತ್ಯೆ ಪಡೆಯುವವರನ್ನು ಬಿಟ್ಟು ಉಳಿದವರಿಗೆ ನಿಲ್ಲಿಸಲಾಯಿತು. ಎರಡು ಮಕ್ಕಳಿಂದಾಚೆಗೆ ಭತ್ಯೆ ಕೊಡದ ಹಳೆಯ ಸರ್ಕಾರದ ನಿಯಮವನ್ನು ತೆಗೆಯಬೇಕೆಂದು ಮತ ಹಾಕಿದ ಏಳು ಲೇಬರ್ ಸಂಸದರನ್ನು ಅಮಾನತು ಮಾಡಲಾಯಿತು. ಒಂದು ವರ್ಷ ಕಳೆಯುವಷ್ಟರಲ್ಲಿ ಚಳಿಗಾಲದ ನೆರವು ವರ್ಷಕ್ಕೆ 35,000 ಪೌಂಡಿನವರೆಗೆ ಆದಾಯವಿರುವವರಿಗೆ ಮರಳಿತು. 2025ರ ನವೆಂಬರಿನ ಬಜೆಟ್ಟಿನಲ್ಲಿ ಎರಡು ಮಕ್ಕಳ ಮಿತಿಯನ್ನೂ ತೆಗೆಯುವುದಾಗಿ ಘೋಷಿಸಲಾಯಿತು. ಕೊಡಲೇಬೇಕಾದದ್ದನ್ನು ಮೊದಲು ಕಿತ್ತುಕೊಂಡು, ಬೈಸಿಕೊಂಡ ಮೇಲೆ ಹಿಂತಿರುಗಿಸಿದರೆ ಕೊಟ್ಟ ಪುಣ್ಯವೂ ಇಲ್ಲ, ಉಳಿಸಿದ ಲಾಭವೂ ಇಲ್ಲ.

ಬೇಸತ್ತವರಿಗೆ ಪರ್ಯಾಯವಿದೆಯೇ ಎಂಬುದು ವಿಮರ್ಶೆಯಲ್ಲಿ ಬರಬೇಕಾದ ಮಾತು. ಅಮಾನತಾದ ಏಳು ಮಂದಿಯಲ್ಲೊಬ್ಬರಾದ ಜಾರಾ ಸುಲ್ತಾನಾ 2025ರ ಜುಲೈನಲ್ಲಿ ಲೇಬರ್ ಬಿಟ್ಟು ಕಾರ್ಬಿನ್ ಜೊತೆ ಹೊಸ ಪಕ್ಷಕ್ಕೆ ಕೈಹಾಕಿದರು. ಸೆಪ್ಟೆಂಬರಿನಲ್ಲಿ ಸದಸ್ಯತ್ವ ನೋಂದಣಿಯ ಆನ್‌ಲೈನ್ ವ್ಯವಸ್ಥೆ ತೆರೆಯಿತು. ಅದಕ್ಕೆ ನಮ್ಮ ಅನುಮತಿಯಿಲ್ಲ, ಹಣ ಪಾವತಿಗೆ ಒಪ್ಪಿಗೆ ಕೊಟ್ಟಿದ್ದವರು ಅದನ್ನು ರದ್ದು ಮಾಡಿಕೊಳ್ಳಿ ಎಂದು ಕಾರ್ಬಿನ್ ಕಡೆಯವರು ಅದೇ ದಿನ ಹೇಳಿಕೆ ಕೊಟ್ಟರು. ಈ ಪರ್ಯಾಯದ ಬಗ್ಗೆ ಸದ್ಯಕ್ಕೆ ಇಷ್ಟು ಸಾಕು. ವೇಲ್ಸ್‌ನ ಕೇರ್‌ಫಿಲಿ ಬೇರೆ ದಾರಿ ಹಿಡಿಯಿತು. ನೂರು ವರ್ಷ ಲೇಬರ್ ಬಿಟ್ಟು ಬೇರೆಯವರನ್ನು ಕಾಣದ ಆ ಹಳೆಯ ಗಣಿ ಪ್ರದೇಶ, 2025ರ ಅಕ್ಟೋಬರಿನಲ್ಲಿ ವೇಲ್ಸ್ ಶಾಸನಸಭೆಯ ಉಪಚುನಾವಣೆಯಲ್ಲಿ ವೇಲ್ಸ್ ರಾಷ್ಟ್ರೀಯತಾವಾದಿಗಳ ಪಕ್ಷವಾದ ಪ್ಲೈಡ್ ಕಮ್ರಿಯನ್ನು ಗೆಲ್ಲಿಸಿ ಲೇಬರನ್ನು ಮೂರನೆಯ ಸ್ಥಾನಕ್ಕೆ ದಬ್ಬಿತು.

ಆದರೆ ಈ ಸೇವೆಯ ಈಗಿನ ಸ್ಥಿತಿಯನ್ನು ತಿಳಿಯಬೇಕೆನ್ನುವವರಿಗೆ ನಾನು ತೋರಿಸುವುದು ವಾಯವ್ಯ ಇಂಗ್ಲೆಂಡಿನ ರನ್‌ಕಾರ್ನ್ ಮತ್ತು ಹೆಲ್ಸ್‌ಬಿ ಕ್ಷೇತ್ರವನ್ನು. ಅಲ್ಲಿನ ಲೇಬರ್ ಸಂಸದ ರಾತ್ರಿ ಬೀದಿಯಲ್ಲಿ ತನ್ನದೇ ಕ್ಷೇತ್ರದ ವ್ಯಕ್ತಿಯೊಬ್ಬರಿಗೆ ಹೊಡೆದು ಶಿಕ್ಷೆಗೊಳಗಾಗಿ ಸ್ಥಾನ ಬಿಟ್ಟಿದ್ದರಿಂದ 2025ರ ಮೇ 1ರಂದು ಉಪಚುನಾವಣೆ ನಡೆಯಿತು. ಹತ್ತು ತಿಂಗಳ ಹಿಂದೆ ಅಲ್ಲಿ ಲೇಬರ್‌ಗೆ 22,358 ಮತ ಬಿದ್ದಿತ್ತು. ಈಗ ಬಿದ್ದದ್ದು 12,639. ಬಲಪಂಥೀಯ ರಿಫಾರ್ಮ್ ಪಕ್ಷ ತನ್ನ ಮತಗಳನ್ನು 7,662ರಿಂದ 12,645ಕ್ಕೆ ಏರಿಸಿಕೊಂಡು ಆರು ಮತಗಳಿಂದ ಗೆದ್ದಿತು. ಎದುರಾಳಿಗೆ ಹೆಚ್ಚಿದ್ದು ಐದು ಸಾವಿರಕ್ಕೆ ಹದಿನೇಳು ಕಡಿಮೆ, ಲೇಬರ್ ಕಳೆದುಕೊಂಡದ್ದು 9,719. ಮತ ಎಣಿಸಿದವರು ಆರರ ಅಂತರ ಸರಿಯೇ ಎಂದು ಮತ್ತೊಮ್ಮೆ ಎಣಿಸಿದರು. ಮತಗಟ್ಟೆಗೇ ಬಾರದವರನ್ನು ಎಣಿಸುವ ಕೆಲಸ ಅವರದಾಗಿರಲಿಲ್ಲ.