ಎಂಡ್‌ಗೇಮ್ ಕಲಿಯಲು ಯಾವುದು ಮೇಲು: ಹಳೆಯ ದಿಗ್ಗಜರ ಆಟಗಳೋ, ಥಿಯರಿಯೋ, ಎಂಜಿನ್ನೋ?

ಚದುರಂಗದ ಎಂಡ್‌ಗೇಮ್, ಅಂದರೆ ಕೆಲವೇ ಕಾಯಿಗಳು ಉಳಿದ ಕೊನೆಯ ಹಂತ, ಗಟ್ಟಿ ಮಾಡಿಕೊಳ್ಳಲು ನಾಲ್ಕು ದಾರಿಗಳಿವೆ. ಥಿಯರಿಯ, ಅಂದರೆ ಉತ್ತರ ಮೊದಲೇ ಗೊತ್ತಿರುವ ಸ್ಥಾನಗಳನ್ನು ಕಲಿಯುವುದು, ಗ್ರ್ಯಾಂಡ್‌ಮಾಸ್ಟರ್‌ಗಳ ಹೆಸರಾಂತ ಆಟಗಳನ್ನು ಅಭ್ಯಾಸ ಮಾಡುವುದು, ರಚಿತ ಸಮಸ್ಯೆಗಳನ್ನು ಬಿಡಿಸುವುದು, ಎಂಜಿನ್ (ಚದುರಂಗ ಆಡುವ ಕಂಪ್ಯೂಟರ್ ಪ್ರೋಗ್ರಾಂ) ಮತ್ತು ಟೇಬಲ್‌ಬೇಸ್ (ಕೆಲವೇ ಕಾಯಿಗಳ ಎಲ್ಲ ಸ್ಥಾನಗಳ ಉತ್ತರ ಮೊದಲೇ ಲೆಕ್ಕ ಹಾಕಿಟ್ಟ ಕೋಶ) ಎದುರು ಆಡಿ ನೋಡುವುದು. ನಾಲ್ಕನ್ನೂ ಬಳಸಿದ ಮೇಲೆ ನಮ್ಮ ಒಲವು ಎರಡನೆಯದರ ಕಡೆಗಿದೆ. ಆದರೆ ಅಭ್ಯಾಸದ ಕ್ರಮ ತಪ್ಪಿದರೆ ಅಷ್ಟು ಹೊತ್ತನ್ನು ಸುಮ್ಮನೆ ನುಂಗುವ ದಾರಿಯೂ ಅದೇ.

ಮೊದಲು ಥಿಯರಿ. ಇದರ ದೊಡ್ಡ ಗುಣವೆಂದರೆ ಉತ್ತರದಲ್ಲಿ ಅನುಮಾನವಿಲ್ಲ. ಬಿಳಿ ಗೆಲ್ಲುವ ಲುಸೆನಾ ಸ್ಥಾನವನ್ನೇ ನೋಡಿ; ಮನೆಯ ಹೆಸರಲ್ಲಿ ಅಕ್ಷರ ಉದ್ದಸಾಲು (ಫೈಲ್), ಅಂಕಿ ಅಡ್ಡಸಾಲು. ಬಿಳಿ ರಾಜ ಡಿ8, ಪಾನ್ (ಕಾಲಾಳು) ಡಿ7, ಆನೆ ಎಫ್1, ಕಪ್ಪು ರಾಜ ಜಿ7, ಆನೆ ಸಿ2, ನಡೆ ಬಿಳಿಯದು. ಆನೆ ಎಫ್4ಕ್ಕೆ ಏರಬೇಕು. ಆಮೇಲೆ ರಾಜ ಇ7ಕ್ಕೆ ಹೊರಬಂದು, ಚೆಕ್ ಬಿದ್ದಂತೆಲ್ಲ ಡಿ6, ಇ6, ಡಿ5 ಎಂದು ಇಳಿಯುತ್ತಾನೆ. ಕೊನೆಯ ಚೆಕ್ಕಿಗೆ ಆನೆ ಡಿ4ರಲ್ಲಿ ಅಡ್ಡ ನಿಲ್ಲುತ್ತದೆ. ಆನೆ ನಾಲ್ಕನೇ ಅಡ್ಡಸಾಲಿಗೇ ಏಕೆ ಹೋಗಬೇಕು ಎಂಬುದನ್ನು ಹೇಳಲು ಬಂದರೆ ಮಾತ್ರ ಕಲಿತಂತೆ: ರಾಜ ಐದಕ್ಕೆ ಇಳಿದಾಗ ಅವನ ಕೆಳಗಿನ ಮನೆಗೆ ಒಂದೇ ನಡೆಯಲ್ಲಿ ಬರಬೇಕಲ್ಲ. ನಡೆಗಳನ್ನಷ್ಟೇ ಬಾಯಿಪಾಠ ಮಾಡಿದವರು ಕಪ್ಪು ಕಡೆಯಿಂದ ಆಡುವಾಗಲೋ ಪಾನ್ ಬೇರೆ ಫೈಲಿನಲ್ಲಿದ್ದಾಗಲೋ ತಡವರಿಸುತ್ತಾರೆ. ಅಂಚಿನ ಎ ಅಥವಾ ಎಚ್ ಪಾನ್ ಆದರಂತೂ ರಾಜ ಮೂಲೆಯಲ್ಲೇ ಸಿಕ್ಕಿಬೀಳುವುದರಿಂದ ಈ ಉಪಾಯವೇ ಕೆಲಸಕ್ಕೆ ಬರುವುದಿಲ್ಲ.

ರಕ್ಷಣೆಗೆ ಫಿಲಿಡೋರ್ ಸ್ಥಾನ (ಬಿಳಿಯ ಬಳಿ ಆನೆ, ಪಾನ್; ಕಪ್ಪಿನ ಬಳಿ ಆನೆ ಮಾತ್ರ) ಅಷ್ಟೇ ಮುಖ್ಯ. ಕಪ್ಪು ಆನೆ ಆರನೇ ಅಡ್ಡಸಾಲನ್ನು ಕಾಯುತ್ತಾ ಬಿಳಿ ರಾಜನನ್ನು ತಡೆಯುತ್ತದೆ. ಪಾನ್ ಆರಕ್ಕೆ ಕಾಲಿಟ್ಟ ಕೂಡಲೇ ಆನೆ ಒಂದನೇ ಅಡ್ಡಸಾಲಿಗೆ ಇಳಿದು ಹಿಂದಿನಿಂದ ಚೆಕ್ ಕೊಡುತ್ತಾ ಹೋಗುತ್ತದೆ; ಬಿಳಿ ರಾಜನಿಗೆ ಮರೆಯಾಗಲು ಜಾಗವಿಲ್ಲ. ಇಲ್ಲಿ ಕಾಣುವ ಸಾಮಾನ್ಯ ತಪ್ಪು ಆತುರದ್ದು. ಪಾನ್ ಇನ್ನೂ ಐದರಲ್ಲಿರುವಾಗಲೇ ಆನೆ ಕೆಳಗಿಳಿದರೆ ರಾಜ ಆರಕ್ಕೆ ಹತ್ತುತ್ತಾನೆ, ಸುಲಭದ ಡ್ರಾ ಕಷ್ಟದ್ದಾಗುತ್ತದೆ.

ಥಿಯರಿಯ ಮಿತಿ ಬೇರೆ ಕಡೆ ಇದೆ. ಅದು ಊರು ಹೇಳುತ್ತದೆ, ದಾರಿ ಹೇಳುವುದಿಲ್ಲ. ಎರಡೂ ಕಡೆ ಆನೆ, ಐದೈದು ಪಾನ್ ಉಳಿದಿರುವಾಗ ಯಾವ ಪಾನ್ ಕೊಡಬೇಕು, ರಾಜ ಎತ್ತ ನಡೆಯಬೇಕು ಎಂಬುದಕ್ಕೆ ಲುಸೆನಾ ಉತ್ತರವಲ್ಲ. ದಿಗ್ಗಜರ ಆಟಗಳು ಬೇಕಾಗುವುದು ಅಲ್ಲೇ.

1924ರ ನ್ಯೂಯಾರ್ಕ್ ಪಂದ್ಯಾವಳಿಯ ಕಾಪಾಬ್ಲಾಂಕಾ–ಟಾರ್ಟಕೋವರ್ ಆಟವನ್ನು ತೆಗೆದುಕೊಳ್ಳಿ. 35ನೇ ನಡೆಯ ಹೊತ್ತಿಗೆ ಉಳಿದಿರುವುದು ಆನೆಗಳು ಮತ್ತು ಪಾನ್‌ಗಳು. ಬಿಳಿ ಆನೆ ಎಚ್7ರಲ್ಲಿದೆ, ಪಾನ್ ಜಿ5ರಲ್ಲಿದೆ, ಕಪ್ಪು ರಾಜ ಎಫ್8ರಲ್ಲಿದ್ದಾನೆ. ಕಾಪಾಬ್ಲಾಂಕಾ ರಾಜನನ್ನು ಜಿ3, ಎಚ್4 ಎಂದು ನಡೆಸಿ, ಪಾನ್ ಜಿ6ಕ್ಕೆ ತಳ್ಳಿ, ರಾಜನನ್ನು ಜಿ5ಕ್ಕೆ ತರುತ್ತಾನೆ. ಈ ನಡಿಗೆಯಲ್ಲಿ ಸಿ3, ಎಫ್4 ಪಾನ್‌ಗಳೆರಡನ್ನೂ ಬಿಟ್ಟುಕೊಡುತ್ತಾನೆ, ಎರಡೂ ಚೆಕ್ ಸಮೇತ ಹೋಗುತ್ತವೆ. ನಿಜವಾದ ಪಾಠ 39ನೇ ನಡೆಯಲ್ಲಿದೆ. ಎಫ್5ರ ಕಪ್ಪು ಪಾನ್ ಕೈಗೆಟಕುವಂತಿದ್ದರೂ ಅದನ್ನು ಹೊಡೆಯದೆ ರಾಜ ಎಫ್6ಕ್ಕೆ ಹೋಗುತ್ತಾನೆ. ಆ ಪಾನ್ ಎಫ್ ಫೈಲಿನಲ್ಲಿ ಗೋಡೆಯಾಗಿ ನಿಂತು, ಕಪ್ಪು ಆನೆಯ ಹಿಂದಿನ ಚೆಕ್‌ಗಳಿಂದ ಬಿಳಿ ರಾಜನನ್ನೇ ಕಾಯುತ್ತದೆ. ಈಗ ಎಚ್8ರಲ್ಲಿ ಮೇಟ್ ಬೆದರಿಕೆ. ಕಪ್ಪು ರಾಜ ಜಿ8ಕ್ಕೆ, ಜಿ7ರ ಚೆಕ್ಕಿಗೆ ಎಚ್8ಕ್ಕೆ ಸರಿಯುತ್ತಾನೆ. ಬಿಳಿ ಆನೆ ಸಿ7ರ ಪಾನ್ ಹೊಡೆದಾಗ ಕಪ್ಪು ಆನೆ ಇ8ಕ್ಕೆ ಬಂದು ಕಾವಲು ಕೂರುತ್ತದೆ. ಅದು ಹಾಗೆ ಸೆರೆಯಾದ ಮೇಲೆ, 42ನೇ ನಡೆಯಲ್ಲಿ, ಎಫ್5ರ ಪಾನ್ ಹೊಡೆಯಲಾಗುತ್ತದೆ. ಪಾನ್‌ಗಳ ಲೆಕ್ಕಕ್ಕಿಂತ ರಾಜನ ಜಾಗ ಮತ್ತು ಆನೆಯ ಚುರುಕು ಮೇಲು ಎಂಬ ಮಾತು ಎಲ್ಲ ಕಡೆ ಸಿಗುತ್ತದೆ. ಅದರ ಬೆಲೆ ಎಷ್ಟು ಪಾನ್, ಎಷ್ಟು ನಡೆ ಎಂಬ ಅಂದಾಜು ಮಾತ್ರ ಇಂಥ ಆಟವನ್ನು ಮಣೆಯ ಮೇಲೆ ಇಟ್ಟಾಗಲೇ ಕೈಗೆ ಹತ್ತುವುದು.

ಇದೇ ಆಟವನ್ನು ಎರಡು ಬಗೆಯಲ್ಲಿ ಓದಬಹುದು. ಟಿಪ್ಪಣಿ ಸಮೇತ ಸರಸರ ನೋಡಿದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಎಲ್ಲವೂ ಸಹಜವೆನಿಸುತ್ತದೆ, ಮುಂದಿನ ವಾರ ಏನೂ ಉಳಿದಿರುವುದಿಲ್ಲ. ಉಳಿಯುವುದು ಮುಚ್ಚಿಟ್ಟು ಓದಿದ್ದು. ಎಂಡ್‌ಗೇಮ್ ಶುರುವಾಗುವ ಸ್ಥಾನವನ್ನು ನಿಜವಾದ ಮಣೆಯ ಮೇಲೆ ಜೋಡಿಸಿ. ಎರಡೂ ಕಡೆಯ ದುರ್ಬಲ ಪಾನ್‌ಗಳು ಯಾವುವು, ಯಾವ ರಾಜ ಮೊದಲು ನಡುವಿಗೆ ಬರಬಲ್ಲ, ಆನೆ ಅದಲುಬದಲಾದರೆ ಬರೀ ಪಾನ್‌ಗಳ ಆಟ ಯಾರ ಪಾಲು ಎಂಬುದನ್ನು ಬರೆದಿಡಿ. ಮುಂದಿನ ನಡೆಯನ್ನು ಕಾಗದದಿಂದ ಮುಚ್ಚಿ ನಿಮ್ಮ ನಡೆ ಬರೆಯಿರಿ; ಸಾಮಾನ್ಯ ನಡೆಗೆ ಎರಡು ನಿಮಿಷ, ಆಟ ತಿರುಗುವ ಮೂರು ನಾಲ್ಕು ಕಡೆ ಹತ್ತು ಹದಿನೈದು ನಿಮಿಷ ಸಾಕು. ದಿಗ್ಗಜನ ನಡೆ ಬೇರೆಯಾಗಿದ್ದರೆ ಏಕೆಂದು ಒಂದು ಸಾಲು ಬರೆದ ಮೇಲಷ್ಟೇ ಎಂಜಿನ್ ತೆರೆಯಿರಿ. ಕೊನೆಗೆ ಆಟ ತಿರುಗಿದ ಸ್ಥಾನದಿಂದ ಗೆಳೆಯರೊಡನೆ ಎರಡೂ ಬಣ್ಣದಲ್ಲಿ ಆಡಿ. ಈ ಕೊನೆಯ ಹೆಜ್ಜೆಯನ್ನು ಬಿಡುವವರೇ ಹೆಚ್ಚು, ನಷ್ಟವೂ ಅಲ್ಲೇ ಹೆಚ್ಚು. ನೋಡಿ ಒಪ್ಪಿಕೊಂಡದ್ದು ಬೇರೆ, ಗಡಿಯಾರ ಓಡುವಾಗ ಕೈಯಿಂದ ಬರುವುದು ಬೇರೆ.

ಈ ದಾರಿಯ ದೋಷಗಳನ್ನೂ ಹೇಳಬೇಕು. ಹಳೆಯ ಟಿಪ್ಪಣಿಗಳು ಹಲವು ಸಲ ಫಲಿತಾಂಶ ನೋಡಿ ಬರೆದಂತಿರುತ್ತವೆ: ಗೆದ್ದವನ ಪ್ರತಿ ನಡೆಗೂ ಮೆಚ್ಚುಗೆ, ಸೋತವನಿಗಿದ್ದ ಒಳ್ಳೆಯ ರಕ್ಷಣೆಯ ಸುದ್ದಿಯೇ ಇಲ್ಲ. ಆದ್ದರಿಂದ ಸೋತ ಕಡೆಗೂ ಒಮ್ಮೆ ಕುಳಿತು ನೋಡಲೇಬೇಕು. ಇನ್ನೊಂದು, ಆಟಗಳನ್ನು ಆಟಗಾರರ ಹೆಸರಿನ ಮೇಲೆ ಆರಿಸಬಾರದು, ಉಳಿದ ಕಾಯಿಗಳ ಮೇಲೆ ಆರಿಸಬೇಕು. ಆನೆಗಳ ಆಟಕ್ಕೆ ಮೇಲಿನದರ ಜೊತೆ 1927ರ ಬ್ಯೂನಸ್ ಐರಿಸ್ ವಿಶ್ವ ಚಾಂಪಿಯನ್‌ಶಿಪ್‌ನ 34ನೇ ಆಟ ಇಡಿ. ಅಲೆಖಿನ್ ತನ್ನ ಎ ಪಾನ್‌ನ ಹಿಂದೆ ಆನೆ ನಿಲ್ಲಿಸಿ, ಕಾಪಾಬ್ಲಾಂಕಾನ ಕಾಯಿಗಳು ಅತ್ತ ಕಟ್ಟಿಬಿದ್ದಾಗ ರಾಜನನ್ನು ಇನ್ನೊಂದು ಪಕ್ಕಕ್ಕೆ ನುಗ್ಗಿಸಿದ ರೀತಿ ಅಲ್ಲಿದೆ. ಒಂಟೆಗೂ ಕುದುರೆಗೂ ನಡುವಿನ ಕಾಳಗಕ್ಕೆ ಎರಡು ಆಟ ಜೋಡಿಯಾಗಿ ನೋಡಿ. 1971ರ ಫಿಶರ್–ತೈಮನೋವ್ ನಾಲ್ಕನೇ ಆಟದಲ್ಲಿ ಒಂಟೆ ಗೆಲ್ಲುತ್ತದೆ: ಎದುರಾಳಿಗೆ ಒಳ್ಳೆಯ ನಡೆಯೇ ಉಳಿಯದಂತೆ ಮಾಡಿ, ಕೊನೆಗೆ ಜಿ6ರಲ್ಲಿ ಒಂಟೆಯನ್ನೇ ಕೊಟ್ಟು ರಾಜ ಒಳನುಗ್ಗುತ್ತಾನೆ. 1984ರ ಕಾರ್ಪೋವ್–ಕಾಸ್ಪರೋವ್ ಒಂಬತ್ತನೇ ಆಟದಲ್ಲಿ ಗೆಲುವು ಕುದುರೆಯದು. 47ನೇ ನಡೆಯಲ್ಲಿ ಎಚ್4ರ ಪಾನ್ ಮರಳಿ ಹೊಡೆಯುವ ಬದಲು ಕುದುರೆ ಜಿ2ಕ್ಕೆ ಹಿಂದೆ ಸರಿಯುತ್ತದೆ, ಮುಚ್ಚಿಹೋಗಲಿದ್ದ ಬದಿ ರಾಜನಿಗೆ ತೆರೆದುಕೊಳ್ಳುತ್ತದೆ. ಬರೀ ಪಾನ್‌ಗಳ ಆಟಕ್ಕೆ 1909ರ ಕೋನ್–ರೂಬಿನ್‌ಸ್ಟೈನ್ ಒಂದೇ ಸಾಕು. ಕಪ್ಪು ರಾಜ ಎಚ್3ರವರೆಗೆ ನಡೆದುಹೋಗಿ ಬಿಳಿ ರಾಜನನ್ನು ಎಚ್2ರ ಕಾವಲಿಗೆ ಕಟ್ಟಿಹಾಕುತ್ತಾನೆ.

ರಚಿತ ಸಮಸ್ಯೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1921ರ ರೇಟಿ ಸಮಸ್ಯೆಯಲ್ಲಿ (ಬಿಳಿ ರಾಜ ಎಚ್8, ಪಾನ್ ಸಿ6, ಕಪ್ಪು ರಾಜ ಎ6, ಪಾನ್ ಎಚ್5) ರಾಜ ಜಿ7, ಎಫ್6, ಇ5 ಎಂದು ಓರೆಯಾಗಿ ನಡೆದು ಎರಡು ಕೆಲಸ ಒಟ್ಟಿಗೆ ಸಾಧಿಸಿ ಡ್ರಾ ಮಾಡಿಕೊಳ್ಳುವುದು ಬೆರಗು ಹುಟ್ಟಿಸುತ್ತದೆ. ಲೆಕ್ಕ ಹಾಕುವ ಶಕ್ತಿಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮವಿಲ್ಲ. ಆದರೆ ಇಲ್ಲಿ ಒಂದೇ ಉತ್ತರವಿದೆ ಎಂದು ಮೊದಲೇ ಗೊತ್ತಿರುತ್ತದೆ. ನಿಜವಾದ ಆಟದಲ್ಲಿ ಆ ಸೂಚನೆ ಯಾರೂ ಕೊಡುವುದಿಲ್ಲ.

ಟೇಬಲ್‌ಬೇಸ್ ರಾಜರನ್ನೂ ಸೇರಿಸಿ ಏಳು ಕಾಯಿಗಳವರೆಗೆ ತಪ್ಪಿಲ್ಲದ ತೀರ್ಪು ಕೊಡುತ್ತದೆ. ಕೊಡದೇ ಇರುವುದು ಕಷ್ಟದ ಅಳತೆ. 2021ರ ದುಬೈ ವಿಶ್ವ ಚಾಂಪಿಯನ್‌ಶಿಪ್‌ನ 136 ನಡೆಗಳ ಆರನೇ ಆಟದ ಕೊನೆಯಲ್ಲಿ ಕಾರ್ಲ್‌ಸನ್ ಬಳಿ ಆನೆ, ಕುದುರೆ, ಎರಡು ಪಾನ್. ನೆಪೋಮ್ನಿಯಾಚಿ ಬಳಿ ರಾಣಿ ಮಾತ್ರ. ಟೇಬಲ್‌ಬೇಸ್ ಅದನ್ನು ಡ್ರಾ ಎನ್ನುತ್ತಲೇ ಇತ್ತು. 130ನೇ ನಡೆಯಲ್ಲಿ ರಾಣಿ ಇ6ಕ್ಕೆ ಹೋದಾಗ ತೀರ್ಪು ಬದಲಾಯಿತು. ಗಂಟೆಗಟ್ಟಲೆ ಚೆಕ್, ಮೇಟ್ ಬೆದರಿಕೆಗಳನ್ನು ಎಣಿಸುತ್ತಾ ಕುಳಿತವನಿಗೆ ಡ್ರಾ ಎಂಬ ಪದ ಎಷ್ಟು ದೂರ ಎಂಬುದು ಪರದೆಯ ಮೇಲೆ ಕಾಣುವುದಿಲ್ಲ. ಎಂಜಿನ್ ಎದುರು ಗೆಲ್ಲುವ ಅಭ್ಯಾಸಕ್ಕೂ ಇಂಥದೇ ಕೊರತೆ ಇದೆ. ಸೋಲುವ ಸ್ಥಾನದಲ್ಲಿ ಅದು ಮೇಟನ್ನು ಆದಷ್ಟು ದೂರ ತಳ್ಳುವ ನಡೆ ಆಡುತ್ತದೆ, ಮನುಷ್ಯನನ್ನು ದಾರಿ ತಪ್ಪಿಸುವ ನಡೆಯನ್ನಲ್ಲ. ಕಾರಣವಿಲ್ಲದೆ ಪಾನ್ ಕೊಟ್ಟುಬಿಡುವುದೂ ಉಂಟು. ಆದ್ದರಿಂದ ಎಂಜಿನ್ ನಮ್ಮ ಉತ್ತರ ತಿದ್ದಲು, ಮತ್ತು ಡ್ರಾ ಉಳಿಸಿಕೊಳ್ಳುವ ಅಭ್ಯಾಸಕ್ಕೆ. ಎರಡನೆಯದಕ್ಕೆ ಅದರಷ್ಟು ಕಠಿಣ ಎದುರಾಳಿ ಸಿಗುವುದಿಲ್ಲ.

ರೇಟಿಂಗ್ (ಆಟಗಾರನ ಮಟ್ಟ ತೋರಿಸುವ ಅಂಕ) 1200ಕ್ಕಿಂತ ಕೆಳಗಿದ್ದರೆ ಥಿಯರಿಯ ಹತ್ತು ಹನ್ನೆರಡು ಸ್ಥಾನಗಳನ್ನು ಮುಗಿಸದೆ ದಿಗ್ಗಜರ ಆಟಗಳಿಗೆ ಹೋಗಬೇಡಿ. ಅವರು ಯಾವ ಸ್ಥಾನದತ್ತ ಆಟ ಎಳೆಯುತ್ತಿದ್ದಾರೆಂಬುದೇ ತಿಳಿಯದು. ಅಲ್ಲಿಂದ 1800ರವರೆಗೆ ಅರ್ಧ ಹೊತ್ತು ಆಟಗಳಿಗೆ, ಕಾಲು ಭಾಗ ಥಿಯರಿಗೆ, ಉಳಿದದ್ದು ಆಡಿ ನೋಡಲು ಎಂಬ ಹಂಚಿಕೆ ಒಳ್ಳೆಯದು. ಅದರ ಮೇಲಿನವರಿಗೆ ರಚಿತ ಸಮಸ್ಯೆಗಳು ಹೆಚ್ಚು ಫಲ ಕೊಡುತ್ತವೆ.

ಹಳೆಯ ಆಟಗಳಲ್ಲಿ ಯೋಜನೆ ಸ್ಪಷ್ಟವಾಗಿ ಕಾಣುತ್ತದೆ, ಏಕೆಂದರೆ ಎದುರಾಳಿ ಅದನ್ನು ಅಷ್ಟಾಗಿ ಕೆಡಿಸಲಿಲ್ಲ. ಅವು ಕರಗತವಾದ ಮೇಲೆ 2013ರ ಚೆನ್ನೈ ವಿಶ್ವ ಚಾಂಪಿಯನ್‌ಶಿಪ್‌ನ ಕಾರ್ಲ್‌ಸನ್–ಆನಂದ್ ಐದನೇ ಆಟ ಹಿಡಿಯಿರಿ. ಅಲ್ಲಿ ಆನಂದ್ 45ನೇ ನಡೆಯಲ್ಲಿ ಆನೆಯನ್ನು ಸಿ1ಕ್ಕೆ ತಂದು ಚೆಕ್ ಕೊಟ್ಟರು. ಎ1ಕ್ಕೆ ಹೋಗಿದ್ದರೆ ಡ್ರಾ ಉಳಿಯುತ್ತಿತ್ತು. ಎರಡೂ ನಡೆಗಳನ್ನು ಮಣೆಯ ಮೇಲಿಟ್ಟು, ಎಂಜಿನ್ ಮುಚ್ಚಿ, ವ್ಯತ್ಯಾಸವೇನೆಂದು ಬರೆಯಲು ಅರ್ಧ ಗಂಟೆ ಇಟ್ಟುಕೊಳ್ಳಿ.