ಎನ್‌ಪಿಟಿಇಎಲ್ ಸಿಕ್ಸ್ ಸಿಗ್ಮಾ ಕೋರ್ಸ್: ಶಾಪ್ ಫ್ಲೋರ್‌ನವರಿಗೆ ಉಪಯೋಗ ಇದೆಯಾ?

ಪೀಣ್ಯದ ಒಂದು ಮಷಿನ್ ಶಾಪ್‌ನಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಐಐಟಿಗಳ ಆನ್‌ಲೈನ್ ಪಾಠಗಳು ಸಿಗುವ ಎನ್‌ಪಿಟಿಇಎಲ್‌ನಲ್ಲಿ ಐಐಟಿ ಖರಗ್‌ಪುರದವರ ಸಿಕ್ಸ್ ಸಿಗ್ಮಾ (ಅಳತೆ, ಅಂಕಿ-ಅಂಶ ಹಿಡಿದು ತಯಾರಿಕೆಯ ದೋಷ ಕಡಿಮೆ ಮಾಡುವ ವಿಧಾನ) ಕೋರ್ಸ್ ಮಾಡಿದೆ. ಡಿಪ್ಲೊಮಾ ಓದಿದ ನಮ್ಮಂಥವರಿಗೆ ಅದು ಅರ್ಥ ಆಗುತ್ತಾ, ಸಂಬಳ ಜಾಸ್ತಿ ಆಗುತ್ತಾ ಅಂತ ಸುಮಾರು ಜನ ಕೇಳುತ್ತಾರೆ.

ಮೊದಲು ದುಡ್ಡಿನ ವಿಷಯ. ಪಾಠ, ಅಸೈನ್‌ಮೆಂಟ್ ಎಲ್ಲ ಪುಕ್ಕಟೆ. ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷೆಗೆ ಬೇರೆ ನೋಂದಣಿ, ನಾನು ಕಟ್ಟಿದ್ದು 1000 ರೂಪಾಯಿ. ಕೋರ್ಸ್‌ಗೆ ಸೇರಿದ್ದೇನಲ್ಲ ಅಂತ ಸುಮ್ನೆ ಕೂತರೆ ಕೊನೆಯ ದಿನಾಂಕ ದಾಟಿಹೋಗುತ್ತದೆ, ಹುಷಾರು. ಪರೀಕ್ಷೆ ಮನೆಯಲ್ಲಿ ಬರೆಯುವುದಲ್ಲ, ಸೆಂಟರ್‌ಗೆ ಹೋಗಿ ಮೂರು ಗಂಟೆ ಕಂಪ್ಯೂಟರ್ ಮುಂದೆ ಕೂರಬೇಕು. ಅದಕ್ಕೆ 75 ಅಂಕ, ಅಸೈನ್‌ಮೆಂಟ್‌ಗೆ 25. 12 ವಾರದಲ್ಲಿ ಚೆನ್ನಾಗಿ ಬಂದ 8 ಅಸೈನ್‌ಮೆಂಟ್ ಮಾತ್ರ ಲೆಕ್ಕಕ್ಕೆ, ಹಾಗಾಗಿ ತಿಂಗಳ ಕೊನೆಯ ಡಿಸ್ಪ್ಯಾಚ್ ಗಲಾಟೆಯಲ್ಲಿ ಒಂದು ವಾರ ತಪ್ಪಿದರೂ ಬಚಾವ್.

ಶುರುವಿನ ವಾರಗಳು ಬರೀ ಪೀಠಿಕೆ. ವಿಡಿಯೊ ಸ್ಪೀಡ್ ಜಾಸ್ತಿ ಮಾಡಿಕೊಂಡು ಮುಗಿಸಿ. ಕೋರ್ಸ್‌ನ ಜೀವ ಇರುವುದು ಕಂಟ್ರೋಲ್ ಚಾರ್ಟ್ ಪಾಠದಲ್ಲಿ, ಅಂದರೆ ಅಳತೆಗಳನ್ನು ಚುಕ್ಕಿಗಳಾಗಿ ಹಾಕಿ ಮಷಿನ್ ಹದದಲ್ಲಿದೆಯಾ ಅಂತ ನೋಡುವ ನಕ್ಷೆಯ ಪಾಠದಲ್ಲಿ.

ನಮ್ಮಲ್ಲಿ ಸಿಎನ್‌ಸಿಯಲ್ಲಿ (ಕಂಪ್ಯೂಟರ್ ನಡೆಸುವ ಮಷಿನ್) 25 ಮಿ.ಮೀ. ಶಾಫ್ಟ್ ಓಡುತ್ತದೆ, ಡ್ರಾಯಿಂಗ್‌ನಲ್ಲಿ ಪ್ಲಸ್ ಆರ್ ಮೈನಸ್ 0.02 ಮಿ.ಮೀ. ಬಿಟ್ಟಿದ್ದಾರೆ. ಆಪರೇಟರ್ ಪ್ರತಿ ಪೀಸನ್ನೂ ಮೈಕ್ರೋಮೀಟರ್‌ನಲ್ಲಿ ಹಿಡಿದು, 8 ಮೈಕ್ರಾನ್ (0.008 ಮಿ.ಮೀ.) ಜಾಸ್ತಿ ಬಂದರೆ ಆಫ್‌ಸೆಟ್ (ಟೂಲ್ ಎಲ್ಲಿ ಕತ್ತರಿಸಬೇಕು ಅನ್ನುವ ಸೆಟ್ಟಿಂಗ್) 8 ಇಳಿಸುತ್ತಿದ್ದ. ಮುಂದಿನದು 6 ಕಡಿಮೆ ಬಂದರೆ ಮತ್ತೆ ಏರಿಸುತ್ತಿದ್ದ. ಎಷ್ಟು ಜಾಗರೂಕತೆ ಅಂತ ಎಲ್ಲರೂ ಮೆಚ್ಚುತ್ತಿದ್ದೆವು. ಆದರೆ ಮಷಿನ್‌ಗೆ ತನ್ನದೇ ಒಂದಷ್ಟು ಏರಿಳಿತ ಇದ್ದೇ ಇರುತ್ತದೆ, ಅದರ ಬೆನ್ನು ಹತ್ತಿ ಪ್ರತಿ ಸಲ ಆಫ್‌ಸೆಟ್ ತಿರುಗಿಸಿದರೆ ನಮ್ಮ ಕೈಯ ಏರಿಳಿತವೂ ಅದರ ಮೇಲೆ ಸೇರಿಕೊಳ್ಳುತ್ತದೆ, ಸೈಜ್ ಇನ್ನೂ ಹರಡುತ್ತದೆ.

ಈಗ ಗಂಟೆಗೊಮ್ಮೆ ಸಾಲಾಗಿ 5 ಪೀಸ್ ಅಳೆದು ಸರಾಸರಿ, ರೇಂಜ್ (ದೊಡ್ಡ ಅಳತೆಗೂ ಚಿಕ್ಕದಕ್ಕೂ ಇರುವ ವ್ಯತ್ಯಾಸ) ಎರಡನ್ನೂ ಚಾರ್ಟ್‌ನಲ್ಲಿ ಹಾಕುತ್ತೇವೆ. ಸರಾಸರಿ ರೇಂಜನ್ನು 0.577ರಿಂದ (5 ಪೀಸ್‌ಗೆ ಬಳಸುವ ಸ್ಥಿರ ಸಂಖ್ಯೆ) ಗುಣಿಸಿ ಒಟ್ಟು ಸರಾಸರಿಗೆ ಕೂಡಿಸಿದರೆ ಮೇಲಿನ ಗೆರೆ, ಕಳೆದರೆ ಕೆಳಗಿನ ಗೆರೆ. ಎಕ್ಸೆಲ್ ಸಾಕು. ಈ ಗೆರೆಗಳು ಮಷಿನ್ ಕೊಟ್ಟ ಅಳತೆಯಿಂದ ಬರುತ್ತವೆ, ಡ್ರಾಯಿಂಗ್‌ನಿಂದ ಅಲ್ಲ. (ಇಲ್ಲಿ ಎಂಜಿನಿಯರ್‌ಗಳೇ ಎಡವುವುದನ್ನು ನೋಡಿದ್ದೇನೆ.) ಗೆರೆಯೊಳಗೆ ಚುಕ್ಕಿ ಹೇಗೆ ಹೇಗೋ ಕುಣಿಯುತ್ತಿದ್ದರೆ ಆಫ್‌ಸೆಟ್ ಮುಟ್ಟುವ ಹಾಗಿಲ್ಲ. ಒಂದೇ ಸಮನೆ ಮೇಲಕ್ಕೆ ಹತ್ತುತ್ತಿದ್ದರೆ ಇನ್ಸರ್ಟ್ (ಟೂಲ್‌ನ ಕತ್ತರಿಸುವ ತುದಿ) ಸವೆಯುತ್ತಿದೆ ಅಂತ ಲೆಕ್ಕ, ಆಗ ಮುಟ್ಟಬೇಕು. ರಿಜೆಕ್ಷನ್ ಕಣ್ಣಿಗೆ ಕಾಣುವಷ್ಟು ಇಳಿಯಿತು. ಮೊದಲು ಸೈಜ್ ತಪ್ಪಿದ ಮೇಲೆ ನನ್ನನ್ನು ಕರೆಯುತ್ತಿದ್ದ ಸೂಪರ್‌ವೈಸರ್ ಈಗ ಮೊದಲೇ ಬಂದು, "ಆಫ್‌ಸೆಟ್ ಕೊಡೋಣ್ವಾ ಬೇಡ್ವಾ, ನೀವೇ ಹೇಳಿ" ಅನ್ನುತ್ತಾರೆ. ಕಸ್ಟಮರ್ ಆಡಿಟ್‌ಗೆ ಬಂದಾಗ ಚಾರ್ಟ್ ವಿವರಿಸಲು ನನ್ನನ್ನೇ ಮುಂದೆ ಬಿಟ್ಟರು.

ಇಷ್ಟಾದರೂ ಸರ್ಟಿಫಿಕೇಟ್ ನೋಡಿ ಯಾರೂ ಸಂಬಳ ಏರಿಸಲಿಲ್ಲ. ಎಚ್‌ಆರ್‌ನವರು ಫೈಲಿಗೆ ಹಾಕಿಕೊಂಡರು, ಅಷ್ಟೇ. ಕೆಲಸ ನೋಡಿ ಸಂಬಳ ಏರಿಸಿದ್ದು ಆಮೇಲೆ.

ಬೇಜಾರಿನ ವಿಷಯವೂ ಇದೆ. ಪಾಠ ಇಂಗ್ಲಿಷ್‌ನಲ್ಲಿ, ನಮ್ಮಂಥ ಜಾಬ್ ವರ್ಕ್ ಶಾಪ್‌ನ ಉದಾಹರಣೆ ಸಿಗುವುದು ಕಷ್ಟ. ಲೆಕ್ಕದ ಅಂಜಿಕೆ ಇರುವವರಿಗೆ ಅನೋವಾ, ಡಿಸೈನ್ ಆಫ್ ಎಕ್ಸ್‌ಪೆರಿಮೆಂಟ್ಸ್ ಥರದ ಸಂಖ್ಯಾಶಾಸ್ತ್ರದ ಪಾಠ ಬರುವಾಗ ತಲೆ ಬಿಸಿ ಆಗುತ್ತದೆ. ಅದನ್ನು ಎರಡು ಸಲ ಕೇಳಿ, ಆಗಲಿಲ್ಲ ಅಂದರೆ ಪರೀಕ್ಷೆಗೆ ಬೇಕಾದಷ್ಟು ಮಾತ್ರ ನೋಡಿ ಮುಂದೆ ಹೋಗಿ. ಇನ್ನೊಂದು, ಇದು ಗ್ರೀನ್ ಬೆಲ್ಟ್ (ಸಿಕ್ಸ್ ಸಿಗ್ಮಾದಲ್ಲಿ ಕೊಡುವ ಒಂದು ದರ್ಜೆ) ಅಲ್ಲ. ಇಂಟರ್‌ವ್ಯೂನಲ್ಲಿ ಹಾಗೆ ಹೇಳಿಕೊಳ್ಳಬೇಡಿ, ಗೊತ್ತಿದ್ದವರು ಒಂದೇ ಪ್ರಶ್ನೆಯಲ್ಲಿ ಹಿಡಿಯುತ್ತಾರೆ.

ಇನ್‌ಸ್ಪೆಕ್ಟರ್, ಸೆಟ್ಟರ್, ಲೈನ್ ಸೂಪರ್‌ವೈಸರ್ ಆಗಿದ್ದು ದಿನಾ ಅಳತೆ ಕೈಗೆ ಸಿಗುವವರು ಖಂಡಿತ ಮಾಡಿ. ಬರೀ ರೆಸ್ಯೂಮೆಗೆ ಬೇಕು ಅನ್ನುವವರಿಗೆ 12 ವಾರ ದಂಡ. ಎನ್‌ಪಿಟಿಇಎಲ್‌ನ ಸೆಮಿಸ್ಟರ್ ಜನವರಿ ಮತ್ತು ಜುಲೈನಲ್ಲಿ ಶುರುವಾಗುತ್ತದೆ, ಆ ಸಲ ಈ ಕೋರ್ಸ್ ಪಟ್ಟಿಯಲ್ಲಿ ಇದೆಯಾ ನೋಡಿಕೊಂಡು ಸೇರಿ.