ಸಾಂಗಾನೇರ್ ಬ್ಲಾಕ್ ಪ್ರಿಂಟ್ ಕಾಗದ ಆನ್‌ಲೈನಲ್ಲಿ ತರಿಸೋರೇ, ಸ್ವಲ್ಪ ತಡೀರಿ

ದುಡ್ಡೂ ಹೋಯ್ತು, ಗಿರಾಕಿ ಎದುರು ಮಾನವೂ ಹೋಯ್ತು. ಹೊಟ್ಟೆ ಉರೀತಿದೆ, ಅದಕ್ಕೇ ಬರೀತಿದೀನಿ.

ನಾನು ಮನೆಯಲ್ಲೇ ನೋಟ್‌ಬುಕ್ ಬೈಂಡ್ ಮಾಡಿ ಮಾರ್ತೀನಿ. ರಟ್ಟಿನ ಮೇಲೆ ಅಂಟಿಸೋದು ಬ್ಲಾಕ್ ಪ್ರಿಂಟ್ ಕಾಗದ, ಅಂದ್ರೆ ಮರದ ಅಚ್ಚಿಗೆ ಬಣ್ಣ ಹಚ್ಚಿ ಕೈಯಲ್ಲಿ ಒತ್ತಿದ್ದು. ಜೈಪುರದ ಪಕ್ಕದ ಸಾಂಗಾನೇರ್ ಗೊತ್ತಲ್ಲ, ಹತ್ತಿ ಬಟ್ಟೆ ಚೂರು ಅರೆದು ಕೈಕಾಗದ ಮಾಡೋ ಕಾಗಜಿ ಮನೆತನಗಳ ಊರು. ಬಟ್ಟೆಗೆ ಅಚ್ಚು ಒತ್ತೋರೂ ಅಲ್ಲೇ. "ನಾವು ಅಲ್ಲಿಯವರೇ ಮೇಡಂ ಜೀ, ಶೀಶಮ್ ಮರದ ಅಚ್ಚು, ಪೂರ್ತಿ ಕೈಕೆಲಸ" ಅಂತ ಆನ್‌ಲೈನಲ್ಲಿ ಸಿಕ್ಕ ಒಬ್ಬ ವ್ಯಾಪಾರಿ ವಾಟ್ಸಾಪಲ್ಲಿ ವಿಡಿಯೊ ಬೇರೆ ಕಳಿಸಿದ. 22x30 ಇಂಚಿನ ಹಾಳೆಗೆ 160 ರೂಪಾಯಿ, ಪೂರ್ತಿ ಅಡ್ವಾನ್ಸ್. ಎಲ್ಲರೂ ಹಾಗೇ ಅಲ್ವಾ ಕೇಳೋದು, ಹಾಕಿದೆ.

ಹಾಳೆ ಬಂತು. ಒಂದು ಹೂವಲ್ಲಿ ಕೆಂಪು ಬಣ್ಣ ಹೊರಗೆರೆ ದಾಟಿ ಆಚೆ ಜಾರಿತ್ತು. ಅಚ್ಚಿನ ಕೆಲಸದಲ್ಲಿ ಗೆರೆಗೊಂದು ಅಚ್ಚು, ಹಿನ್ನೆಲೆಗೊಂದು, ಒಳಗಿನ ಒಂದೊಂದು ಬಣ್ಣಕ್ಕೂ ಒಂದೊಂದು. ಒತ್ತೋವಾಗ ಕೂದಲೆಳೆಯಷ್ಟು ಜಾರೇ ಜಾರುತ್ತೆ. "ನೋಡಿ, ಕೈಕೆಲಸ ಅಂದ್ರೆ ಇದು" ಅಂತ ಗಿರಾಕಿಗೆ ಅದನ್ನೇ ತೋರಿಸಿ ಜಂಬ ಕೊಚ್ಚಿದೆ. ಆಯಮ್ಮ ಇನ್ನೊಂದು ಹಾಳೆ ಎಳ್ಕೊಂಡು ಪಕ್ಕಕ್ಕಿಟ್ರು. ಅದೇ ಹೂವು, ಅಷ್ಟೇ ಜಾರಿದೆ. ಮತ್ತೊಂದು ತೆಗೆದ್ರು. ಅದೇ ಹೂವು! ಮೂಲೇಲಿ ಬಿದ್ದ ಬಣ್ಣದ ಹನಿ ಕೂಡ ಅದೇ ಜಾಗದಲ್ಲಿ. ಇಡೀ ಕಟ್ಟಿಗೆ ಒಂದೇ ತಪ್ಪು. "ಬಹಳ ಪಳಗಿದ ಕೈ ಕಣ್ರೀ" ಅಂದು ನಕ್ಕರು. ಭೂಮಿ ಬಾಯ್ಬಿಡಬಾರದಾ ಅನ್ನಿಸ್ತು. ಭೂತಗನ್ನಡಿ ಹಿಡಿದ್ರೆ ಕೆಂಪು ಕೆಂಪೇ ಅಲ್ಲ, ಮೆಷಿನ್ ಪ್ರಿಂಟಲ್ಲಿ ಬರೋ ಗುಲಾಬಿ ಹಳದಿ ಚುಕ್ಕಿಗಳ ಸಂತೆ. ಯಾವುದೋ ಒಂದು ನಿಜವಾದ ಹಾಳೆ ಸ್ಕ್ಯಾನ್ ಮಾಡಿ ಮೆಷಿನ್‌ಗೆ ಕೊಟ್ಟಿದಾನೆ, ತಪ್ಪು ಸಮೇತ!

ಫೋನ್ ಮಾಡಿದ್ರೆ ಮೊದಲು, "ಕೈಕೆಲಸದಲ್ಲಿ ಚಿಕ್ಕಪುಟ್ಟ ದೋಷ ಇರುತ್ತೆ ಮೇಡಂ ಜೀ." ದೋಷ ಇರೋದಕ್ಕಲ್ಲಪ್ಪಾ, ಎಲ್ಲದರಲ್ಲೂ ಒಂದೇ ಇರೋದಕ್ಕೆ ಜಗಳ! ಫೋಟೊ ಕಳಿಸಿದೆ. "ಡಿಸೈನ್ ಅಚ್ಚಿಂದೇ, ಮೆಷಿನಲ್ಲಿ ಹೊಡೆಸಿದೀವಿ, ಅಷ್ಟೇ." ಅಷ್ಟೇ ಅಂತೆ! ಆಮೇಲೆ "ನಮ್ಮೂರಿಗೆ ಜಿಐ ಟ್ಯಾಗ್ ಇದೆ." ಊರಿನ ಹೆಸರಿನ ಕಸುಬಿಗೆ ಸರ್ಕಾರ ಕೊಡೋ ಆ ಗುರುತು ಇರೋದು ಬಟ್ಟೆ ಮೇಲಿನ ಅಚ್ಚಿಗೆ ಸ್ವಾಮಿ, ನಿಮ್ಮ ಜೆರಾಕ್ಸ್‌ಗಲ್ಲ. ದುಡ್ಡು ವಾಪಸ್ ಕೇಳಿದ್ದಕ್ಕೆ ಒಂದು ನಮಸ್ಕಾರದ ಇಮೋಜಿ. ಆಮೇಲೆ ಬ್ಲಾಕ್. ಆ ಬ್ಲಾಕ್ ಒಂದೇ ಅವನು ಕೈಯಾರೆ ಮಾಡಿದ್ದು.

ಒಂದೇ ಡಿಸೈನಿನ ಎರಡು ಹಾಳೆ ಅಕ್ಕಪಕ್ಕ ಇಟ್ಟ ಫೋಟೊ ಕೇಳದೆ ಯಾರಿಗೂ ಅಡ್ವಾನ್ಸ್ ಹಾಕಬೇಡಿ. ಅಚ್ಚು ಒತ್ತೋ ವಿಡಿಯೊ ನಂಬಬೇಡಿ, ಅದು ಯಾರದ್ದೋ. ಒಂದು ಸ್ಯಾಂಪಲ್ ದುಡ್ಡು ಕೊಟ್ಟೇ ತರಿಸಿ. ಕೆಂಪು ಹೂವು, ಎಡ ಮೂಲೇಲಿ ನೀಲಿ ಹನಿ ಇರೋ ಹಾಳೆ ನಿಮ್ಮ ಹತ್ರಾನೂ ಇದ್ರೆ ಹೇಳಿ, ಸೈಬರ್ ಕಂಪ್ಲೇಂಟಿಗೆ ಇನ್ನಷ್ಟು ಜನ ಬೇಕು.